ತಗಡು ಬಡಿದ ಕೈ

ಸಿರಿವಂತರ ಕಾರನ್ನು ಕಂಡು ಪಾದ್ರಿಯೊಬ್ಬನ ಮನಸ್ಸು ಅರಳಬಹುದೇ? ಗುರುಮಠದ ದಿನಗಳಿಂದ ಈ ಪ್ರಶ್ನೆ ನನ್ನನ್ನು ಕಾಡಿದೆ. ಅಲ್ಲಿ ರದ್ದಿಗೆ ಹೊರಟಿದ್ದ ಪತ್ರಿಕೆಯೊಂದರಲ್ಲಿ 1937ರ ಟಾಲ್ಬೊ-ಲಾಗೊ ಕಾರಿನ ಚಿತ್ರವಿತ್ತು. ಹಿಂದಕ್ಕೆ ಜಾರುತ್ತ ಸಣ್ಣದಾಗುವ ಅದರ ಮೈಯನ್ನು ಫ್ರೆಂಚರು ‘ನೀರಹನಿ’ ಎಂದು ಕರೆದರು. ಆ ಚಿತ್ರವನ್ನು ಕೇಳಿ ಪಡೆದು ಇಂದಿಗೂ ಇಟ್ಟುಕೊಂಡಿದ್ದೇನೆ. ಏರುವ ಆಸೆಯಿಲ್ಲ, ನೋಡುವ ಆಸೆ ಮಾತ್ರ.

ಆ ಕಾಲದಲ್ಲಿ ಇಂತಹ ಕಾರುಗಳಿಗೆ ಕಾರ್ಖಾನೆ ಒದಗಿಸುತ್ತಿದ್ದುದು ಬಹುಮಟ್ಟಿಗೆ ಚಾಸಿ ಮತ್ತು ಎಂಜಿನ್ ಮಾತ್ರ; ಮೈ ಕಟ್ಟುವವರು ಬೇರೆ. ಇದನ್ನು ಕಟ್ಟಿದ್ದು, ಇಟಲಿಯಲ್ಲಿ ಹುಟ್ಟಿ ಪ್ಯಾರಿಸಿನ ಬಳಿ ನೆಲೆಸಿದ ಜೋಸೆಫ್ ಫಿಗೋನಿಯವರ ಕಾರ್ಯಾಗಾರ. ಮರದ ಚೌಕಟ್ಟು, ಅದರ ಮೇಲೆ ಸುತ್ತಿಗೆಯಿಂದ ಬಡಿದು ಬಾಗಿಸಿದ ತಗಡು. ಒಂದೊಂದು ಮೈಗೂ ಸುಮಾರು 2,100 ಗಂಟೆಗಳ ದುಡಿಮೆ ಬೇಕಾಗಿತ್ತೆಂದು ಬಲ್ಲವರು ಬರೆದಿದ್ದಾರೆ. ಮಹಾಯುದ್ಧದ ನಂತರ ದೊಡ್ಡ ಎಂಜಿನ್‌ಗಳ ಮೇಲೆ ಬಿದ್ದ ಭಾರಿ ತೆರಿಗೆ, ಯಂತ್ರಗಳು ಅಚ್ಚೊತ್ತುವ ಉಕ್ಕಿನ ಮೈ, ಇವೆರಡರ ಹೊಡೆತಕ್ಕೆ 1950ರ ದಶಕದಲ್ಲಿ ಆ ಕಸುಬು ಅಲ್ಲಿ ಕುಸಿಯಿತು.

ನಮ್ಮಲ್ಲಿ ಅದು ಲಾರಿಗಳಿಗೆ ‘ಬಾಡಿ ಕಟ್ಟುವ’ ಶೆಡ್ಡುಗಳಲ್ಲಿ ಉಳಿಯಿತು. ಹದಿನೈದು ವರ್ಷಗಳ ಹಿಂದೆ ಶಿಕಾರಿಪುರದಿಂದ ಸೊರಬಕ್ಕೆ ಹೋಗುವಾಗ ಧರ್ಮಕೇಂದ್ರದ ಹಳೆಯ ಅಂಬಾಸಿಡರ್ ಮರಕ್ಕೆ ತಗುಲಿ ಮಡ್‌ಗಾರ್ಡ್ ನಜ್ಜುಗುಜ್ಜಾಯಿತು. ಶ್ರೀಗಂಧ ಕೆತ್ತುವ ಗುಡಿಗಾರರಿಂದ ಹೆಸರಾದ ಊರು ಸೊರಬ. ಅಲ್ಲಿನ ಅಂತಹುದೇ ಶೆಡ್ಡೊಂದರಲ್ಲಿ ವೃದ್ಧರೊಬ್ಬರು ಆ ತಗಡನ್ನು ಮರಳುಚೀಲದ ಮೇಲಿಟ್ಟು ಎರಡು ದಿನ ಮರದ ಸುತ್ತಿಗೆಯಿಂದ ಬಡಿದರು. ನಡುನಡುವೆ ಕಣ್ಣು ಮುಚ್ಚಿ, ಅಂಗೈಯಿಂದ ಸವರಿ, ಉಳಿದ ಉಬ್ಬುತಗ್ಗುಗಳನ್ನು ಹುಡುಕುತ್ತಿದ್ದರು. ಕೂಲಿ ಹೇಳಿದಾಗ ನಾನು ಚೌಕಾಸಿ ಮಾಡಿ ನೂರು ರೂಪಾಯಿ ಇಳಿಸಿದೆ. ಅವರು ಮರುಮಾತಾಡದೆ ಹಣ ಎಣಿಸಿಕೊಂಡರು.

ಅಂದು ರಾತ್ರಿ ಚಿತ್ರವನ್ನು ಕೈಗೆತ್ತಿಕೊಂಡೆ. ಮರಳುಚೀಲ, ಮರದ ಸುತ್ತಿಗೆ, ಸವರುವ ಅಂಗೈ: ಅಲ್ಲಿಯೂ ಅವೇ ಅಲ್ಲವೇ? ಪ್ಯಾರಿಸಿನ ಕೈಗೆ ಇಪ್ಪತ್ತು ವರ್ಷಗಳ ಬೆರಗನ್ನು ಸಲ್ಲಿಸಿದ್ದವನು ಸೊರಬದ ಕೈಗೆ ಸಲ್ಲಬೇಕಾದ ಕೂಲಿಯನ್ನೂ ಕಡಿತಗೊಳಿಸಿದ್ದೆ.

ತಿಂಗಳ ನಂತರ ಆ ನೂರು ರೂಪಾಯಿಯೊಡನೆ ಹೋದೆ. ಶೆಡ್ಡು ಮುಚ್ಚಿತ್ತು. ಯಾರನ್ನೆಂದು ವಿಚಾರಿಸಲಿ? ಹೆಸರನ್ನೇ ಕೇಳಿರಲಿಲ್ಲ.

ನಮ್ಮ ತಾಲ್ಲೂಕಿನ ಬಳ್ಳಿಗಾವಿಯ ಶಿಲ್ಪಿ ದಾಸೋಜನ ಹೆಸರು ಬೇಲೂರಿನ ಕಲ್ಲಿನಲ್ಲಿ ಒಂಬತ್ತು ಶತಮಾನಗಳಿಂದ ಉಳಿದಿದೆ. ಫಿಗೋನಿಯ ಹೆಸರು ಕಾರುಗಳ ಮೈಮೇಲಿದೆ. ಆ ವೃದ್ಧರ ಹೆಸರು ಎಲ್ಲಿಯೂ ಇಲ್ಲ.

ಚೆಲುವನ್ನು ಮೆಚ್ಚಿದ್ದು ತಪ್ಪೆಂದು ಈಗಲೂ ನನಗೆ ಅನಿಸುವುದಿಲ್ಲ. ಆದರೆ ಮುಂದಿನ ಸಲ ನಿಮ್ಮ ಮನೆಯ ಬಾಗಿಲನ್ನೋ ಪಾತ್ರೆಯನ್ನೋ ಸರಿಪಡಿಸಲು ಯಾರಾದರೂ ಬಂದರೆ, ಕೂಲಿ ಎಷ್ಟೆಂದು ಕೇಳುವ ಮೊದಲು ಅವರ ಹೆಸರು ಕೇಳಿರಿ.