ಮದ್ಯವಿದ್ಯೆ ಎಂಬ ಸಮಾಸ

ಕೆಲವು ಶಬ್ದಗಳು ಹೊಸ್ತಿಲನ್ನು ದಾಟಿ ಒಳಗೆ ಬಂದೊಡನೆಯೇ ಗೃಹಸ್ಥರ ಮುಖವು ಬಾಡುತ್ತದೆ. ಅಡಿಗೆಮನೆಯಲ್ಲಿ ಮಾತು ನಿಲ್ಲುತ್ತದೆ. ಮದ್ಯವೆಂಬುದು ಅಂಥ ಶಬ್ದಗಳಲ್ಲಿ ಮೊದಲನೆಯದು. ವಿದ್ಯೆಯೆಂಬ ಶಬ್ದವಾದರೋ ಕೇಳಿದೊಡನೆ ಕೈಮುಗಿಯತಕ್ಕದ್ದು. ಈ ಎರಡೂ ಒಂದೇ ಸಮಾಸವಾಗಿ ಬಂದು ಮುಂದೆ ನಿಂತರೆ ಅದರ ವಿಗ್ರಹವಾಕ್ಯವನ್ನು ಹೇಗೆ ಹೇಳಬೇಕು? ಮಕ್ಕಳನ್ನು ದೂರದೇಶಕ್ಕೆ ಓದಲು ಕಳುಹಿಸಿರುವ ಯಾವ ಮನೆಗಾದರೂ ಈ ಪ್ರಶ್ನೆಯು ನಾಳೆ ಬರಬಹುದು. ಆದುದರಿಂದ ನಮ್ಮ ಅನುಭವಕ್ಕೆ ಬಂದ ಒಂದು ಪ್ರಸಂಗವನ್ನು ವಾಚಕರಿಗೆ ನಿವೇದಿಸುತ್ತೇವೆ.

ನಾವು ಔರಾದ, ಭಾಲ್ಕಿ, ಕಡೆಗೆ ಬೀದರ ನಗರ, ಈ ಮೂರು ಊರುಗಳ ಶಾಲೆಗಳಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಪಾಠ ಹೇಳಿ ಈಚೆಗೆ ನಿವೃತ್ತರಾದವರು. ಔರಾದದಲ್ಲಿ ನಮ್ಮಲ್ಲಿ ಓದಿದ ಹೆಣ್ಣುಮಗಳೊಬ್ಬಳು ಭಾಲ್ಕಿಯ ಮನೆತನಕ್ಕೆ ಸೊಸೆಯಾಗಿ ಹೋದಳು. ಆಕೆಯ ಒಬ್ಬಳೇ ಮಗಳು ರಸಾಯನಶಾಸ್ತ್ರವನ್ನು ಓದಲೆಂದು ಅಮೇರಿಕೆಗೆ ಹೋಗಿರುವಳು. ಅಲ್ಲಿಯ ವಿಶ್ವವಿದ್ಯಾಲಯಗಳಲ್ಲಿ ಮುಖ್ಯವಿಷಯದ ಸಂಗಡ ಒಂದು ಉಪವಿಷಯವನ್ನು ಆರಿಸಿಕೊಳ್ಳುವ ಪದ್ಧತಿಯುಂಟು. ಮಕ್ಕಳು ಅದನ್ನು ಮೈನರ್ ಎನ್ನುತ್ತಾರೆ. ಅಂಥ ಕೆಲವು ಉಪವಿಷಯಗಳಲ್ಲಿ ಒಂದೇ ವಸ್ತುವನ್ನು ಹಲವು ಶಾಸ್ತ್ರಗಳ ಕಡೆಯಿಂದ ನೋಡುವುದುಂಟು. ಈ ಹುಡುಗಿಯು ಆರಿಸಿಕೊಂಡದ್ದು ಬಿಯರ್ ತಯಾರಿಕೆಯ ಶಾಸ್ತ್ರ.

ತಾಯಿಯು ಬೀದರಕ್ಕೆ ಬಂದು ನಮ್ಮ ಪಡಸಾಲೆಯಲ್ಲಿ ಕುಳಿತು ಕಣ್ಣೀರಿಟ್ಟಳು. "ಗುರುಗಳೇ, ಊರಾಗ ಯಾರಾರ ಕೇಳಿದ್ರ ಏನಂತ ಹೇಳಲ್ರಿ? ನಮ್ಮಣ್ಣ ಹೋಗಿದ್ದು ಇದರಿಂದನೇ ಅಂತ ಆಕಿಗೆ ಗೊತ್ತಿಲ್ಲೇನ್ರಿ? ನೀವು ಒಂದು ಮಾತು ಬರದ್ರ ಬಿಡತಾಳ್ರಿ" ಎಂದಳು. ಆ ಅಣ್ಣನೂ ನಮ್ಮ ಶಿಷ್ಯನೇ. ಶಬ್ದರೂಪಗಳನ್ನು ಒಂದು ತಪ್ಪಿಲ್ಲದೆ ಒಪ್ಪಿಸುತ್ತಿದ್ದ ಹುಡುಗ. ಕುಡಿತವು ಮೊದಲು ಅವನ ಹೊಲವನ್ನು ತಿಂದಿತು, ಆಮೇಲೆ ಯಕೃತ್ತನ್ನು. ನಲವತ್ತು ತುಂಬುವುದರೊಳಗೆ ಅವನು ಹೋದನು. ಆದಕಾರಣ ಆ ತಾಯಿಯ ಮಾತನ್ನು ಹಳ್ಳಿಯ ಅಂಜಿಕೆಯೆಂದು ತಳ್ಳಿಹಾಕುವ ಅಧಿಕಾರವು ನಮಗಿರಲಿಲ್ಲ.

ಆದರೂ ವಿಷಯವನ್ನು ಅರಿಯದೆ ನಿಷೇಧವನ್ನು ಬರೆಯುವುದು ಉಪಾಧ್ಯಾಯರ ಧರ್ಮವಲ್ಲವಷ್ಟೆ. ಹುಡುಗಿಯಿಂದ ಪಾಠಕ್ರಮವನ್ನು ತರಿಸಿಕೊಂಡೆವು. ಅದರಲ್ಲಿ ರಸಾಯನವುಂಟು, ಸೂಕ್ಷ್ಮಜೀವಿಶಾಸ್ತ್ರವುಂಟು, ಪಾತ್ರೆ–ಕೊಳವೆ–ಉಷ್ಣಗಳ ಯಂತ್ರಶಾಸ್ತ್ರವುಂಟು. ಬೆಳೆಯ ವಿಚಾರ, ನೀರಿನ ವಿಚಾರ, ಇತಿಹಾಸ, ತೆರಿಗೆ, ಕಾಯಿದೆ, ವ್ಯಾಪಾರಗಳೂ ಉಂಟು. ಕಡೆಯಲ್ಲಿ ಮದ್ಯವು ದೇಹಕ್ಕೂ ಸಮಾಜಕ್ಕೂ ಮಾಡುವ ಹಾನಿಯ ಪ್ರಕರಣವೂ ಒಂದು.

ಕ್ರಿಯೆಯನ್ನು ನಮ್ಮ ಗೃಹಿಣಿಯರಿಗೆ ವಿವರಿಸುವುದು ಕಷ್ಟವಲ್ಲ. ಜವೆಗೋದಿಯನ್ನು ನೆನೆಸಿ ಮೊಳಕೆ ಬರಿಸಿ, ಒಣಗಿಸಿ, ಮುರಿಯುತ್ತಾರೆ, ಇದೇ ಮಾಲ್ಟ್. ಅದನ್ನು ಸುಮಾರು ೬೫ ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಇಟ್ಟರೆ, ಮೊಳಕೆಯಲ್ಲಿ ಹುಟ್ಟಿದ ಕಿಣ್ವಗಳು ಕಾಳಿನ ಪಿಷ್ಟವನ್ನು ಸಕ್ಕರೆಯಾಗಿ ಮಾರ್ಪಡಿಸುತ್ತವೆ. ಆ ಸಿಹಿನೀರನ್ನು ಸೋಸಿ, ಹಾಪ್ಸ್ ಎಂಬ ಬಳ್ಳಿಯ ಕಹಿ ಹೂವನ್ನು ಹಾಕಿ ಕುದಿಸಿ, ಆರಿಸಿ, ಯೀಸ್ಟನ್ನು ಬೆರೆಸುತ್ತಾರೆ. ಯೀಸ್ಟು ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲಾಮ್ಲ ವಾಯುವನ್ನೂ ಬಿಡುತ್ತದೆ. ಹೆಸರುಕಾಳಿಗೆ ಮೊಳಕೆ ಕಟ್ಟುವುದನ್ನೂ, ಇಡ್ಲಿಯ ಹಿಟ್ಟು ರಾತ್ರಿಯಲ್ಲಿ ಉಬ್ಬುವುದನ್ನೂ ಬಲ್ಲವರು ಇದರ ಪೀಠಿಕೆಯನ್ನು ಬಲ್ಲರು. ನಮ್ಮ ಸೀಮೆಯಲ್ಲಿ ಎಳ್ಳಮಾವಾಸ್ಯೆಗೆ ಹೊಲಕ್ಕೆ ಒಯ್ಯುವ ಅಂಬಲಿಯೂ ಜೋಳದ ಹಿಟ್ಟನ್ನು ಹುಳಿಗಟ್ಟಿಸಿಯೇ ಆದುದು. ಅಲ್ಲಿ ಹುಳಿ ತರುವ ಜೀವಿ ಬೇರೆ, ಇಲ್ಲಿ ಅಮಲು ತರುವ ಜೀವಿ ಬೇರೆ, ಶಾಸ್ತ್ರವು ಒಂದೇ.

ಈ ಶಾಸ್ತ್ರದಿಂದ ಕುಡಿಯದವರಿಗೂ ದೊರೆತ ಉಪಕಾರವು ಸ್ವಲ್ಪವಲ್ಲ. ಫ್ರಾನ್ಸ್ ದೇಶದ ಲೂಯಿ ಪಾಶ್ಚರನು ದ್ರಾಕ್ಷಾಮದ್ಯವು ಕೆಡದಂತೆ ೧೮೬೦ರ ದಶಕದಲ್ಲಿ ಕಂಡುಹಿಡಿದ ಹಿತಮಿತವಾದ ಕಾಯಿಸುವಿಕೆಯೇ ಇಂದು ನಮ್ಮ ಹಾಲಿನ ಪೊಟ್ಟಣವನ್ನು ಕಾಯುತ್ತದೆ. ಬಿಯರನ್ನು ಕುರಿತ ಅವನ ಗ್ರಂಥವು ೧೮೭೬ರಲ್ಲಿ ಪ್ರಕಟವಾಯಿತು. ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಬ್ರೂವರಿಯ ಪ್ರಯೋಗಶಾಲೆಯಲ್ಲಿ ಹ್ಯಾನ್ಸನ್ನನು ೧೮೮೩ರಲ್ಲಿ ಯೀಸ್ಟಿನ ಒಂದೇ ಶುದ್ಧ ತಳಿಯನ್ನು ಬೇರ್ಪಡಿಸಿ ಬೆಳೆಸಿದನು. ಅದೇ ಶಾಲೆಯಲ್ಲಿ ಸೋರೆನ್‌ಸನ್ನನು ೧೯೦೯ರಲ್ಲಿ ಆಮ್ಲತೆಯನ್ನು ಅಳೆಯುವ ಪಿಎಚ್ ಮಾನವನ್ನು ಕಲ್ಪಿಸಿದನು. ಔರಾದದ ರೈತನ ಕೈಯಲ್ಲಿರುವ ಮಣ್ಣುಪರೀಕ್ಷೆಯ ಚೀಟಿಯಲ್ಲಿ ಇರುವುದು ಆ ಮಾನವೇ. ಡಬ್ಲಿನ್ನಿನ ಗಿನ್ನೆಸ್ ಬ್ರೂವರಿಯಲ್ಲಿ ಕೆಲಸಕ್ಕಿದ್ದ ಗಾಸೆಟ್ಟನು, ಕೆಲವೇ ಮಾದರಿಗಳಿಂದ ಎಷ್ಟರಮಟ್ಟಿಗೆ ನಂಬತಕ್ಕ ನಿರ್ಣಯ ಸಾಧ್ಯವೆಂಬುದರ ಗಣಿತವನ್ನು ೧೯೦೮ರಲ್ಲಿ 'ಸ್ಟೂಡೆಂಟ್', ಎಂದರೆ ವಿದ್ಯಾರ್ಥಿ, ಎಂಬ ಗುಪ್ತನಾಮದಿಂದ ಪ್ರಕಟಿಸಿದನು. ಬೀಜದ ಪರೀಕ್ಷೆಗೂ ಔಷಧಗಳ ಪರೀಕ್ಷೆಗೂ ಇಂದು ಆ ಗಣಿತವೇ ಆಧಾರ.

ಇದು ಪರದೇಶದ ಹುಚ್ಚೆಂದು ತಿಳಿಯಲಾಗದು. ಜರ್ಮನಿಯ ವೈಹೆನ್‌ಸ್ಟೆಫಾನಿನಲ್ಲಿಯೂ ಎಡಿನ್‌ಬರೋದಲ್ಲಿಯೂ ಇದನ್ನು ವಿಶ್ವವಿದ್ಯಾಲಯದ ಪದವಿಯಾಗಿ ಕಲಿಸುತ್ತಾರೆ. ನಮ್ಮ ನೆರೆಯ ಪುಣೆಯ ವಸಂತದಾದಾ ಸಕ್ಕರೆ ಸಂಸ್ಥೆಯಲ್ಲಿಯೂ ಮದ್ಯತಂತ್ರದ ಸ್ನಾತಕೋತ್ತರ ಪಾಠವುಂಟು.

ಇನ್ನು ನಮ್ಮ ಪೂರ್ವಿಕರ ಮಾತು. ಸೌತ್ರಾಮಣೀ ಯಾಗದ ಪ್ರಕರಣದಲ್ಲಿ ಶತಪಥಬ್ರಾಹ್ಮಣವು ಶಷ್ಪ, ತೋಕ್ಮ, ಲಾಜ, ನಗ್ನಹು ಎಂಬ ದ್ರವ್ಯಗಳನ್ನು ಹೇಳುತ್ತದೆ. ಮೊದಲೆರಡೂ ಮೊಳೆತ ಧಾನ್ಯಗಳು, ಲಾಜವು ಅರಳು, ನಗ್ನಹುವು ಹುದುಗಿನ ಸಂಭಾರ. ಪಾಠ ಹೇಳುವಾಗ ಇವನ್ನು ಬರಿಯ ಕೋಶದ ಅರ್ಥದಿಂದ ದಾಟಿಸುತ್ತಿದ್ದೆವು. ಹುಡುಗಿಯ ಪಾಠಕ್ರಮವನ್ನು ಓದಿದ ಮೇಲೆ ಮೊಳಕೆಯ ಪ್ರಯೋಜನವೇನೆಂಬುದು ಹೊಳೆಯಿತು. ಕೌಟಿಲ್ಯನು ಸುರಾಧ್ಯಕ್ಷನ ಪ್ರಕರಣದಲ್ಲಿ ಮೇದಕ, ಪ್ರಸನ್ನಾ, ಆಸವ, ಅರಿಷ್ಟ, ಮೈರೇಯ, ಮಧು ಎಂದು ಆರು ಬಗೆಗಳನ್ನು ವಿಂಗಡಿಸಿ, ಮೇದಕಕ್ಕೆ ಒಂದು ದ್ರೋಣ ನೀರು, ಅರ್ಧ ಆಢಕ ಅಕ್ಕಿ, ಮೂರು ಪ್ರಸ್ಥ ಕಿಣ್ವವೆಂದು ಅಳತೆಯನ್ನೂ ಕೊಟ್ಟಿರುವನು. ಮನುವಾದರೋ ಬೆಲ್ಲದ, ಹಿಟ್ಟಿನ, ಮಧುವಿನ ಮೂರು ಸುರೆಗಳನ್ನೂ ಹೆಸರಿಸಿ ದ್ವಿಜೋತ್ತಮರಿಗೆ ನಿಷೇಧಿಸಿದನು. ಒಬ್ಬನು ಅಳೆದನು, ಒಬ್ಬನು ತಡೆದನು. ಅರಿಯದೆ ಇದ್ದವನು ಇಬ್ಬರಲ್ಲಿ ಒಬ್ಬನೂ ಇಲ್ಲ. ನಮ್ಮ ಮನೆಗಳಲ್ಲಿ ಬಾಣಂತಿಗೆ ಕೊಡುವ ದಶಮೂಲಾರಿಷ್ಟದಲ್ಲಿಯೂ ಹುದುಗಿನಿಂದ ತಾನಾಗಿ ಹುಟ್ಟಿದ ಮದ್ಯಸಾರವಿರುವುದನ್ನು ವೈದ್ಯರು ಬಲ್ಲರು. ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರಲ್ಲಿ ಹೆಂಡದ ಮಾರಯ್ಯನೂ ಒಬ್ಬನು. ಅವನ ಕಾಯಕದ ಹೆಸರೇ ಅವನ ಹೆಸರಾಗಿ ಉಳಿದಿದೆ. ಆ ಕಲ್ಯಾಣವು ನಮ್ಮ ಜಿಲ್ಲೆಯದೇ.

ಇಷ್ಟನ್ನು ಹೇಳಿ ಇನ್ನೊಂದು ಪಕ್ಷವನ್ನು ಮುಚ್ಚಿಟ್ಟರೆ ಅದು ವಾದವಾಗುವುದೇ ಹೊರತು ವಿಚಾರವಾಗದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ೧೯೮೮ರಲ್ಲಿಯೇ ಮದ್ಯಪೇಯಗಳನ್ನು ಮನುಷ್ಯರಿಗೆ ಅರ್ಬುದವನ್ನು ತರುವವೆಂದು ನಿಶ್ಚಿತವಾದ ಮೊದಲನೆಯ ವರ್ಗದಲ್ಲಿ ಸೇರಿಸಿತು. ಯಾವ ಪ್ರಮಾಣವೂ ನಿರಪಾಯವಲ್ಲವೆಂದು ಅದೇ ಆರೋಗ್ಯ ಸಂಸ್ಥೆಯು ೨೦೨೩ರಲ್ಲಿ ಸಾರಿತು. ನಿಜಾಮರ ಆಳಿಕೆಯಲ್ಲಿ ಅಬಕಾರಿಯು ಸಂಸ್ಥಾನದ ದೊಡ್ಡ ಆದಾಯಗಳಲ್ಲೊಂದು. ೧೯೪೭ರ ಚಳವಳಿಯಲ್ಲಿ ಸತ್ಯಾಗ್ರಹಿಗಳು ಆ ಆದಾಯವನ್ನು ಕುಂದಿಸಲೆಂದೇ ಸೇಂದಿಯ ಈಚಲಮರಗಳನ್ನು ಕಡಿದರು. ರಾಜ್ಯವು ಬದಲಾಗಿ ಎಷ್ಟೋ ಕಾಲವಾದರೂ ಬೊಕ್ಕಸವು ಆ ಆದಾಯವನ್ನು ಬಿಟ್ಟಿಲ್ಲ. ಇದಲ್ಲದೆ, ಒಂದು ಲೀಟರ್ ಬಿಯರಿಗೆ ಸಾಮಾನ್ಯವಾಗಿ ನಾಲ್ಕರಿಂದ ಏಳು ಲೀಟರ್ ನೀರು ಬೇಕು. ನೌಬಾದಿನ ಸುರಂಗಬಾವಿಯಂತಹ ಜಲಮಾರ್ಗವನ್ನು ಕಲ್ಲು ಕೊರೆದು ಮಾಡಿದ ಹಿರಿಯರ ಊರಿನವರಿಗೆ ಅಷ್ಟು ನೀರಿನ ಬೆಲೆಯನ್ನು ಬೇರೆಯವರು ಹೇಳಬೇಕಾಗಿಲ್ಲ.

ಹೀಗೆ ಎರಡು ಪಕ್ಷಗಳನ್ನೂ ತೂಗಿ ನೋಡಿದ ಮೇಲೆ ನಮಗೆ ಸಮಾಸದ ವಿಗ್ರಹವು ತಿಳಿಯಿತು. ಮದ್ಯದ ವಿದ್ಯೆಯೆಂದರೆ ಷಷ್ಠೀ ತತ್ಪುರುಷ. ಮದ್ಯಕ್ಕಾಗಿ ವಿದ್ಯೆಯೆಂದರೆ ಚತುರ್ಥೀ. ಮೊದಲನೆಯದಕ್ಕೆ ತಡೆಯಿಲ್ಲ; ಎರಡನೆಯದಕ್ಕೆ ನಮ್ಮ ಒಪ್ಪಿಗೆಯಿಲ್ಲ. ತಾಯಿಯು ಬೇಡಿದ ನಿಷೇಧವನ್ನು ನಾವು ಬರೆಯಲಿಲ್ಲ. ಹುಡುಗಿಗೆ ಬರೆದದ್ದು ಇಷ್ಟು: "ಅವ್ವಾ, ಓದು. ಆದರೆ ನಿನ್ನ ಸೋದರಮಾವನ ಕಥೆಯು ನಿನ್ನ ಪಾಠಕ್ರಮದ ಹೊರಗಿನದಲ್ಲ. ಹಾನಿಯ ಪ್ರಕರಣವನ್ನು ಪರೀಕ್ಷೆಗಾಗಿ ಓದದೆ ನಿನ್ನ ತಾಯಿಗಾಗಿ ಓದು. ಕಲಿತದ್ದರಲ್ಲಿ ನಮ್ಮ ಸೀಮೆಗೆ ಆಗುವುದೇನಿದೆ ಎಂದು ಹುಡುಕು."

ಅವಳ ಉತ್ತರವು ಬಂತು. ರುಚಿಪರೀಕ್ಷೆಯ ಪಾಠದಲ್ಲಿ ಬಾಯಿಗೆ ಹಾಕಿ ಉಗುಳುವುದೇ ತನ್ನ ನಿಯಮವೆಂದೂ, ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ ೨೧ ವರ್ಷ ತುಂಬದ ವಿದ್ಯಾರ್ಥಿಗಳಿಗೆ ಹೀಗೆ ಉಗುಳಲೆಂದೇ ೨೦೧೪ರಲ್ಲಿ ಕಾಯಿದೆ ಮಾಡಿರುವರೆಂದೂ ಬರೆದಿದ್ದಳು. ಪ್ರಬಂಧಕ್ಕೆ ಅವಳು ಆರಿಸಿಕೊಂಡದ್ದು ಸೋಸಿದ ಮೇಲೆ ಉಳಿಯುವ ಕಾಳಿನ ಚರಟ. ನೂರು ಲೀಟರಿಗೆ ಸುಮಾರು ೨೦ ಕಿಲೋ ಹಸಿ ಚರಟವು ಉಳಿಯುತ್ತದೆ. ಸಸಾರಜನಕವಾದ ಅದು ದನಗಳಿಗೆ ಒಳ್ಳೆಯ ಮೇವು. ನಮ್ಮ ಜಿಲ್ಲೆಯ ದೇವಣಿ ತಳಿಯ ಹಸುಗಳಿಗೆ ಅದು ಹಿಡಿಸೀತೇ ಎಂದು ಬೀದರದ ಪಶುವೈದ್ಯಕೀಯ ವಿಶ್ವವಿದ್ಯಾಲಯದವರನ್ನು ಕೇಳಬೇಕೆಂದಿರುವಳು. ನೈಜೀರಿಯಾ ದೇಶವು ೧೯೮೮ರಲ್ಲಿ ಜವೆಯ ಮಾಲ್ಟಿನ ಆಮದನ್ನು ನಿಲ್ಲಿಸಿದಾಗ ಅಲ್ಲಿಯವರು ಜೋಳದ ಮಾಲ್ಟನ್ನು ರೂಢಿಗೆ ತಂದರಂತೆ. ಔರಾದದ ಜೋಳದಿಂದ ಅಮಲಿಲ್ಲದ ಮಾಲ್ಟನ್ನು ಮಾಡಿ ಮಕ್ಕಳ ಗಂಜಿಗೆ ಬಳಸಲಾಗದೇ ಎಂಬುದು ಅವಳ ಇನ್ನೊಂದು ಪ್ರಶ್ನೆ.

ತಾಯಿಗೆ ಇದನ್ನೆಲ್ಲ ಓದಿ ಹೇಳಿದೆವು. ಆಕೆಯು ಪೂರ್ಣವಾಗಿ ಸಮಾಧಾನ ಹೊಂದಿದಳೆಂದು ಹೇಳಲಾರೆವು. ಭಾಲ್ಕಿಯಲ್ಲಿ ಕೇಳಿದವರಿಗೆ ಇಂದಿಗೂ "ಕೆಮಿಸ್ಟ್ರಿ ಓದತಾಳ್ರಿ" ಎಂದಷ್ಟೇ ಹೇಳುತ್ತಾಳೆ. ಆದರೆ ವಾರಕ್ಕೊಮ್ಮೆ ಮಗಳೊಡನೆ ಮಾತಾಡುವಾಗ ಅಣ್ಣನ ಹೆಸರನ್ನು ಎತ್ತುತ್ತಾಳಂತೆ. ಅವನು ಹೋದ ಮೇಲೆ ಇಷ್ಟು ವರ್ಷಗಳಲ್ಲಿ ಆ ಮನೆಯಲ್ಲಿ ಆ ಹೆಸರು ಎದ್ದಿರಲಿಲ್ಲ.

ವಾಚಕ ಸೋದರಿಯರೇ, ಕುಡಿತದಿಂದ ನೊಂದ ಮನೆಗಳಲ್ಲಿ ಆ ಶಬ್ದವನ್ನೇ ಆಡದಿರುವುದು ಮರ್ಯಾದೆಯೆಂದು ನಾವು ಭಾವಿಸುತ್ತೇವೆ. ಆಡದ ಶಬ್ದವು ಮನೆಯಿಂದ ಹೋಗುವುದಿಲ್ಲ, ಮೂಲೆಯಲ್ಲಿ ಕುಳಿತಿರುತ್ತದೆ. ಮಕ್ಕಳು ಅದನ್ನು ಬೀದಿಯಲ್ಲಿ ಕಲಿಯುವುದಕ್ಕಿಂತ, ಅದರ ಗುಣದೋಷಗಳನ್ನು ಗುರುಮುಖದಿಂದಲೂ ತಾಯಿಯ ಬಾಯಿಂದಲೂ ಕಲಿಯುವುದು ಮೇಲು.