ಐವತ್ತು ಇಂಚಿನ ಹಾದಿ

ಅಮೆರಿಕದ ಮಿಷಿಗನ್ ರಾಜ್ಯದ ಉತ್ತರಕ್ಕೆ ಹೋದಂತೆಲ್ಲ ಪೈನ್, ಓಕ್, ಮೇಪಲ್ ಮರಗಳ ಕಾಡು ಮೈಲಿಗಟ್ಟಲೆ ಹಬ್ಬಿಕೊಂಡಿದೆ. ನೆಲವೆಲ್ಲ ಮರಳು. ಈ ಕಾಡುಗಳ ಒಳಗೆ, ನಾಲ್ಕು ಚಕ್ರದ ಮೋಟಾರ್ ಸೈಕಲ್ಲಿನ ಹಾಗಿರುವ ಒಂದು ಗಾಡಿ ಓಡಾಡಲೆಂದೇ ಕಿರಿದಾದ ಹಾದಿಗಳಿವೆ. ಗಾಡಿಯ ಪೂರ್ತಿ ಹೆಸರು ಆಲ್ ಟೆರೇನ್ ವೆಹಿಕಲ್, ಅಂದರೆ ಎಂಥ ನೆಲದ ಮೇಲೂ ಹೋಗುವ ವಾಹನ. ಬಾಯಿಗೆ ಸುಲಭವಾಗಲೆಂದು ಎ.ಟಿ.ವಿ. ಎನ್ನುತ್ತಾರೆ. ಹಾದಿಗೆ ಇಳಿಯುವ ಗಾಡಿ 50 ಇಂಚಿಗಿಂತ ಅಗಲವಿರಕೂಡದು ಎಂದು ನಿಯಮ. ಅಮೆರಿಕದ ಕೆಲವು ಕಾಡುಹಾದಿಗಳ ಬಾಯಲ್ಲಿ ಈ ಅಳತೆಗೇ ಎರಡು ಕಂಬ ನೆಟ್ಟಿರುತ್ತಾರೆ. ತೂರಿದರೆ ಒಳಗೆ, ಇಲ್ಲವಾದರೆ ಬಂದ ದಾರಿಗೆ ಸುಂಕವಿಲ್ಲ.

ಸಾಗರದ ಹತ್ತಿರದ ಹಳ್ಳಿಯೊಂದರ ಅಡಿಕೆ ಬೆಳೆಗಾರರೊಬ್ಬರು ಮಗನ ಮನೆಯಲ್ಲಿ ಆರು ತಿಂಗಳು ಇದ್ದು ಬರಲು ಡೆಟ್ರಾಯಿಟ್ ಬಳಿಯ ಊರಿಗೆ ಹೋದಾಗ ಆ ಮನೆಯಲ್ಲಿ ನಡೆಯುತ್ತಿದ್ದ ಮಾತೆಲ್ಲ ಈ ಐವತ್ತು ಇಂಚಿನದೇ. ಹಿಂದಿನ ವರ್ಷ ಅಕ್ಟೋಬರಿನಲ್ಲಿ, ಉದುರಿದ ಎಲೆ ಹಾದಿಯ ಬೇರುಗಳನ್ನೆಲ್ಲ ಮುಚ್ಚಿದ್ದ ಕಾಲದಲ್ಲಿ, ಒಂದು ಪಕ್ಕಕ್ಕೆ ವಾಲಿದ ಇಳಿಜಾರಿನಲ್ಲಿ ಮಗನ ಗಾಡಿ ಮಗುಚಿತ್ತು. ಹೆಲ್ಮೆಟ್ ಇದ್ದುದರಿಂದ ತಲೆ ಉಳಿಯಿತು, ಕುತ್ತಿಗೆ ಕೆಳಗಿನ ಎಲುಬು ಮುರಿಯಿತು. ಸೊಸೆ ಒಂದೇ ಮಾತು ಹೇಳಿದ್ದಳು: "ಮಾರಿಬಿಡಿ, ಇಲ್ಲವೇ ಬೀಳದ ಹಾಗೆ ಮಾಡಿ." ಅವಳ ಚಿಂತೆ ಗಂಡನದಷ್ಟೇ ಆಗಿರಲಿಲ್ಲ. ದೊಡ್ಡ ಎ.ಟಿ.ವಿ.ಗಳನ್ನು 16 ತುಂಬದವರು ಹತ್ತಬಾರದೆಂದು ತಯಾರಕರೇ ಗಾಡಿಯ ಮೇಲೆ ಬರೆದಿರುತ್ತಾರೆ. ಮೊಮ್ಮಗನಿಗೆ ಹದಿನಾರು ತುಂಬಲು ಒಂದು ಚಳಿಗಾಲ ಬಾಕಿ ಇತ್ತು.

ಮಗನೋ ಎಂಜಿನಿಯರು. ಬೀಳದ ಹಾಗೆ ಮಾಡುವುದೆಂದರೆ ಅಗಲ ಮಾಡುವುದು ಎಂದು ತೀರ್ಮಾನಿಸಿದ್ದ. ಗಾಡಿಯ ಈಗಿನ ಅಗಲ 46 ಇಂಚು. ನಿಯಮ ಕೊಡುವ 50ಕ್ಕೆ ಹಿಗ್ಗಿಸಿಬಿಡುವುದು. ಇದರಲ್ಲಿ ತಪ್ಪೇನೂ ಇಲ್ಲ. ಈ ಗಾಡಿಗಳ ಇತಿಹಾಸವೇ ಬೀಳುವುದರ ಮತ್ತು ಅಗಲವಾಗುವುದರ ಇತಿಹಾಸ. 1970ರಲ್ಲಿ ಹೋಂಡಾ ಕಂಪನಿ ಅಮೆರಿಕದಲ್ಲಿ ಮಾರಾಟಕ್ಕೆ ಬಿಟ್ಟಿದ್ದು ಮೂರೇ ಚಕ್ರದ್ದು; ಬಲೂನಿನಂಥ ಟೈರುಗಳೇ ಅದಕ್ಕೆ ಸ್ಪ್ರಿಂಗು. ಮುಂದೆ ಒಂಟಿ ಚಕ್ರವಾದ್ದರಿಂದ ತಿರುವಿನಲ್ಲಿ ಮುಗ್ಗರಿಸುವುದು ಸಹಜ. 1980ರ ದಶಕದ ಮೊದಲಲ್ಲಿ ಸುಜುಕಿ ನಾಲ್ಕು ಚಕ್ರದ ಗಾಡಿ ತಂದಿತು. ಸಾವುನೋವು ಹೆಚ್ಚಿ, ಸರ್ಕಾರ ನ್ಯಾಯಾಲಯದ ಮೆಟ್ಟಿಲು ಹತ್ತಿದ ಮೇಲೆ 1988ರಲ್ಲಿ ತಯಾರಕರು ಅಮೆರಿಕದಲ್ಲಿ ಮೂರು ಚಕ್ರದ್ದನ್ನು ಮಾರುವುದಿಲ್ಲವೆಂದು ಒಪ್ಪಿದರು. ಆಸ್ಟ್ರೇಲಿಯ ಇನ್ನೂ ಮುಂದೆ ಹೋಗಿ 2019ರಲ್ಲಿ ಒಂದು ಕಾಯಿದೆ ಮಾಡಿತು. 2021ರ ಅಕ್ಟೋಬರಿನಿಂದ ಅಲ್ಲಿ ತೋಟ ಹೊಲಗಳ ಕೆಲಸಕ್ಕೆ ಮಾರುವ ಹೊಸ ಗಾಡಿ, ಪಕ್ಕಕ್ಕೆ ವಾಲಿಸಿದಾಗ ಸುಮಾರು 29 ಡಿಗ್ರಿವರೆಗೆ ಎರಡು ಚಕ್ರದ ಮೇಲೆ ಏಳಬಾರದು. ಮಗುಚಿದಾಗ ಸವಾರನನ್ನು ಕಾಪಾಡುವ ಕಟ್ಟೂ ಅದಕ್ಕಿರಬೇಕು. ಹೋಂಡಾ, ಯಮಾಹಾ ಎರಡೂ ಇದನ್ನೊಪ್ಪದೆ ಆ ಬಗೆಯ ಗಾಡಿಗಳ ಮಾರಾಟವನ್ನೇ ಅಲ್ಲಿ ಬಿಟ್ಟವು.

ಗಾಡಿ ಎಷ್ಟು ವಾಲಿದರೆ ಬೀಳುತ್ತದೆ ಎನ್ನುವುದಕ್ಕೆ ಒಂದು ಸರಳ ಲೆಕ್ಕವಿದೆ. ಎಡ ಬಲ ಟೈರುಗಳ ನಡುಗೆರೆಯಿಂದ ನಡುಗೆರೆಗಿರುವ ದೂರದ ಅರ್ಧವನ್ನು, ಗಾಡಿ ಮತ್ತು ಸವಾರನ ಒಟ್ಟು ಭಾರದ ಕೇಂದ್ರ ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅದರಿಂದ ಭಾಗಿಸಬೇಕು. ಉದಾಹರಣೆಗೆ ನಡುಗೆರೆಗಳ ದೂರ 38 ಇಂಚು, ಎತ್ತರ 26 ಇಂಚು ಎಂದುಕೊಂಡರೆ 19ನ್ನು 26ರಿಂದ ಭಾಗಿಸಿ 0.73. ಕೋನದಲ್ಲಿ ಹೇಳಿದರೆ 36 ಡಿಗ್ರಿ. ಸ್ಪ್ರಿಂಗು, ಟೈರು ಕುಗ್ಗುವುದರಿಂದ ನಿಜವಾಗಿ ಇನ್ನೂ ಬೇಗ ಬೀಳುತ್ತದೆ, ಆ ಮಾತು ಬೇರೆ. ಈಗ ಎರಡು ಇಂಚು ಅಗಲ ಮಾಡಿದರೆ 0.77, ಅಂದರೆ ಹೆಚ್ಚು ಕಡಿಮೆ ಮೂವತ್ತೇಳೂವರೆ ಡಿಗ್ರಿ. ನೂರಾರು ಡಾಲರು ಸುರಿದು ಗಳಿಸಿದ್ದು ಒಂದೂವರೆ ಡಿಗ್ರಿ! ಒಂದೂಕಾಲು ಇಂಚು ತಗ್ಗಿಸಿದರೂ ಇಷ್ಟೇ ಲಾಭ. ಆದರೆ ತಗ್ಗಿಸಿದ ಗಾಡಿಯ ಹೊಟ್ಟೆ ಕಾಡಿನ ಬೇರು, ಮೋಟುಗಳಿಗೆ ಬಡಿಯುತ್ತದೆ.

ಅಗಲ ಮಾಡುವುದರಲ್ಲೂ ಎರಡು ದಾರಿ. ಅಗ್ಗದ್ದು, ಚಕ್ರ ಮತ್ತು ಅದರ ಹಬ್ಬಿನ ನಡುವೆ ಅಲ್ಯುಮಿನಿಯಂ ಬಿಲ್ಲೆ ಇಟ್ಟು ಚಕ್ರವನ್ನು ಹೊರಕ್ಕೆ ತಳ್ಳುವುದು. ಒಂದು ಮಧ್ಯಾಹ್ನದ ಕೆಲಸ. ಆದರೆ ಮುಂದಿನ ಚಕ್ರ ತಿರುಗುವ ಕೀಲು ಇದ್ದಲ್ಲೇ ಇದ್ದು ಚಕ್ರ ಮಾತ್ರ ದೂರ ಹೋದರೆ, ಚಕ್ರ ಬೇರಿಗೆ ಬಡಿದಾಗಲೆಲ್ಲ ಹ್ಯಾಂಡಲ್ಲು ಕೈಯಿಂದ ಕಿತ್ತುಕೊಂಡ ಹಾಗೆ ಜಗ್ಗುತ್ತದೆ. ಬೇರಿಂಗಿಗೂ ಭಾರ ಹೆಚ್ಚು. ದುಬಾರಿಯದೆಂದರೆ ಚಕ್ರವನ್ನು ಹಿಡಿದಿರುವ, 'ಎ' ಅಕ್ಷರದ ಆಕಾರದ ಕೈಗಳನ್ನೇ ತೆಗೆದು ಉದ್ದನೆಯವನ್ನು ಹಾಕುವುದು. ಆಗ ಕೀಲೂ ಚಕ್ರದ ಜೊತೆಗೇ ಹೊರಗೆ ಹೋಗುತ್ತದೆ. ಆದರೆ ಕೈ ಉದ್ದವಾದರೆ ಹ್ಯಾಂಡಲ್ಲಿನಿಂದ ಬರುವ ಟೈ ರಾಡು ಉದ್ದವಾಗಬೇಕು, ಬ್ರೇಕಿನ ಹೋಸು ಸಾಲದೆ ಬರುತ್ತದೆ. ಒಂದಕ್ಕೆ ಕೈ ಹಾಕಿದರೆ ನಾಲ್ಕು ಎದ್ದು ಬರುವುದು ಹಳೇ ಮನೆ ರಿಪೇರಿಯಲ್ಲಿ ಮಾತ್ರವಲ್ಲ.

ಎಲ್ಲಕ್ಕಿಂತ ಮೋಸದ್ದು ಸ್ಪ್ರಿಂಗು. ಕೈಯ ಉದ್ದ 12 ಇಂಚು ಇದ್ದದ್ದು 13 ಆಗಿ, ಶಾಕ್ ಅಬ್ಸಾರ್ಬರ್ ಮಾತ್ರ ಮೊದಲಿದ್ದ ಜಾಗದಲ್ಲೇ ಕೂತರೆ, ಚಕ್ರಕ್ಕೆ ಸನ್ನೆಕೋಲಿನ ಬಲ ಬಂದು ಅದೇ ಸ್ಪ್ರಿಂಗು ಸುಮಾರು ಶೇಕಡ 15ರಷ್ಟು ಮೆತ್ತಗಾಗುತ್ತದೆ. ಮೆತ್ತಗಾದ ಗಾಡಿ ತಿರುವಿನಲ್ಲಿ, ಪಕ್ಕದ ಇಳಿಜಾರಿನಲ್ಲಿ ಇನ್ನಷ್ಟು ವಾಲುತ್ತದೆ. ಬೀಳಬಾರದೆಂದು ಅಗಲ ಮಾಡಿ, ಗಡುಸು ಸ್ಪ್ರಿಂಗು ಹಾಕುವುದನ್ನು ಮರೆತರೆ ಗಳಿಸಿದ್ದರಲ್ಲಿ ಒಂದು ಪಾಲು ಹೀಗೆ ಸೋರಿಹೋಗುತ್ತದೆ. ಹಿಂದಿನ ಕಡೆ ಇಷ್ಟು ತಲೆನೋವಿಲ್ಲ. ಈ ಜಾತಿಯ ಗಾಡಿಗಳಲ್ಲಿ ಹಿಂದಿನ ಚಕ್ರಗಳೆರಡೂ ಎತ್ತಿನ ಗಾಡಿಯಂತೆ ಒಂದೇ ಅಚ್ಚಿನ ಮೇಲಿರುತ್ತವೆ. ಅಚ್ಚು ಉದ್ದ ಮಾಡಿದರೆ ಮುಗಿಯಿತು.

ಅಪ್ಪನಿಗೆ ಎಂಜಿನಿಯರಿಂಗ್ ಗೊತ್ತಿಲ್ಲ, ಅಚ್ಚು ಗೊತ್ತಿತ್ತು. ಶನಿವಾರ ಮಗನ ಜೊತೆ ಕಾಡಿಗೆ ಹೋದವರು, ಗ್ಯಾರೇಜಿನಿಂದ ತಂದಿದ್ದ 50 ಇಂಚಿನ ಒಂದು ಕೋಲು ಹಿಡಿದು ಹಾದಿಯಲ್ಲಿ ನಡೆದೇ ಹೋದರು. ಮೂರು ಮೊಳಕ್ಕೆ ನಾಲ್ಕು ಬೆರಳು ಕಮ್ಮಿ ಎಂದು ತಮ್ಮದೇ ಲೆಕ್ಕ. ನೇರ ಹಾದಿಯಲ್ಲಿ ಕೋಲು ಎಲ್ಲೂ ತಾಗಲಿಲ್ಲ. ತಿರುವುಗಳಲ್ಲಿ ಮಾತ್ರ ಅವರು ನಿಂತು ನಿಂತು ನೋಡಿದರು. ಒಳಬದಿಯ ಮರಗಳ ಬುಡದಲ್ಲಿ, ನೆಲದಿಂದ ಒಂದಡಿ ಎತ್ತರಕ್ಕೆ, ತೊಗಟೆ ಸುಲಿದು ಬಿಳಿಯಾಗಿತ್ತು. ಮುಂದಿನ ಚಕ್ರ ಮರವನ್ನು ಬಳಸಿ ಹೋದರೂ ಹಿಂದಿನದು ಒಳಕ್ಕೆ ಬಂದು ಬಡಿದ ಗಾಯ ಅದು.

"ಐವತ್ತು ಬೇಡ ಮಾರಾಯ," ಎಂದರು. "ಕಂಬಕ್ಕೇನೋ ಸರಿ ಹೋಗ್ತದೆ, ಮರಕ್ಕೆ ಆಗೂದಿಲ್ಲ. ಹಿಂದಿನ ಅಚ್ಚು ಮುಂದಿನದಕ್ಕಿಂತ ಒಂದು ಬೆರಳು ಗಿಡ್ಡ ಇರಲಿ."

ಓಡುವ ಗಾಡಿಯ ಚಕ್ರ ಮರಕ್ಕೆ ಸಿಕ್ಕಿಕೊಂಡರೆ ಸವಾರ ಹ್ಯಾಂಡಲ್ಲಿನ ಮೇಲಿಂದ ಹಾರುತ್ತಾನೆ. ವಾಲಿ ಬೀಳುವುದನ್ನು ತಪ್ಪಿಸಲು ಹೋಗಿ ಬಡಿದು ಬೀಳುವುದನ್ನು ತಂದುಕೊಂಡಂತೆ. ಮಗ ಕೂತು ಲೆಕ್ಕ ಹಾಕಿ ಮುಂದೆ 48, ಹಿಂದೆ 47 ಎಂದು ಗೊತ್ತು ಮಾಡಿದ.

ಅಪ್ಪ ಇನ್ನೊಂದು ಮಾತು ಕೇಳಿದ್ದರು: "ಬಿದ್ದ ದಿನ ಹ್ಯಾಗೆ ಕೂತಿದ್ದೆ?" ಕೂತಿದ್ದು ನೆಟ್ಟಗೆ, ಸೀಟಿನ ನಡುವೆ. ಹುಲ್ಲು ಹೇರಿದ ಗಾಡಿ ಓರೆ ದಾರಿಯಲ್ಲಿ ಹೋಗುವಾಗ ಹೊರೆಗೆ ಹಗ್ಗ ಕಟ್ಟಿ, ಆಳುಗಳು ಎತ್ತರದ ಬದಿಯಿಂದ ಜಗ್ಗಿ ಹಿಡಿದು ನಡೆಯುತ್ತಿದ್ದುದನ್ನು ಅವರು ನೆನಪಿಸಿದರು. ಮಗ ಅದನ್ನೂ ಕಾಗದದ ಮೇಲೆ ಹಾಕಿ ನೋಡಿದ. ಗಾಡಿ 190 ಕಿಲೊ, ಸವಾರ 70 ಕಿಲೊ. ಸವಾರ ತನ್ನ ಮೈಯನ್ನು ಎತ್ತರದ ಬದಿಗೆ ಎಂಟು ಇಂಚು ಸರಿಸಿದರೆ ಒಟ್ಟು ಭಾರದ ಕೇಂದ್ರ ಎರಡು ಇಂಚಿಗೂ ಸ್ವಲ್ಪ ಹೆಚ್ಚು ಸರಿಯುತ್ತದೆ. ಬೀಳುವ ಕೋನ 36ರಿಂದ 39ಕ್ಕೆ ಏರುತ್ತದೆ. ಅಂದರೆ, ಒಂದು ಕಾಸೂ ಖರ್ಚಿಲ್ಲದೆ, ನಾಲ್ಕು ಇಂಚು ಅಗಲ ಮಾಡಿದ್ದಕ್ಕೆ ಸಮ. ಅವನು ಪೆನ್ಸಿಲು ಕೆಳಗಿಟ್ಟು ಬಹಳ ಹೊತ್ತು ಸುಮ್ಮನಿದ್ದ.

"ಹಾಗಾದರೆ ಈ ಖರ್ಚೆಲ್ಲ ಯಾಕೆ?" ಎಂದು ಕೇಳಿದವಳು ಸೊಸೆ. ಉತ್ತರವನ್ನೂ ಅವಳೇ ಕಂಡುಕೊಂಡಳು. ಹೊಸದಾಗಿ ಹತ್ತಿದ ಹುಡುಗ ಮೊದಲ ತಿಂಗಳು ಹೆದರಿ ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿದು ನೆಟ್ಟಗೇ ಕೂರುತ್ತಾನೆ. ಅವನು ಸರಿದು ಕೂರುವುದನ್ನು ಕಲಿಯುವವರೆಗೆ ಆ ಒಂದೂವರೆ ಡಿಗ್ರಿ ಇರಲಿ.

ಕೆಲಸ ಎರಡು ವಾರ ಹಿಡಿಯಿತು. ಉದ್ದನೆಯ ಕೈ, ಅದಕ್ಕೆ ಹೊಂದುವ ಗಡುಸು ಸ್ಪ್ರಿಂಗು, ಟೈ ರಾಡು, ಹೋಸು. ಕೊನೆಗೆ ಮುಂದಿನ ಚಕ್ರಗಳು ನೇರ ನೋಡುತ್ತಿವೆಯೇ ಎಂದು ಪರೀಕ್ಷಿಸಲು ದಾರ ಕಟ್ಟಿದರು. ಚಕ್ರಗಳ ಮುಂಭಾಗದ ಅಂತರ ಹಿಂಭಾಗಕ್ಕಿಂತ ಕೂದಲೆಳೆಯಷ್ಟು ಕಡಿಮೆ ಇರಬೇಕು; ಇಲ್ಲದಿದ್ದರೆ ವೇಗದಲ್ಲಿ ಗಾಡಿ ಅತ್ತ ಇತ್ತ ಅಲೆಯುತ್ತದೆ. ದಾರದ ಒಂದು ತುದಿ ಅಜ್ಜನ ಕೈಯಲ್ಲಿ, ಇನ್ನೊಂದು ಮೊಮ್ಮಗನ ಕೈಯಲ್ಲಿ.

ಓಡಿಸಿ ನೋಡಿದಾಗ ಹಾದಿಯಲ್ಲಿ ಗಾಡಿ ಮೊದಲಿಗಿಂತ ನೆಲ ಕಚ್ಚಿ ಹೋಯಿತು. ಆದರೆ ಇಕ್ಕಟ್ಟಾದ ತಿರುವಿನಲ್ಲಿ ಹ್ಯಾಂಡಲ್ಲು ಸ್ವಲ್ಪ ಭಾರವೆನಿಸಿತು. ಮರಗಳ ನಡುವೆ ಮೊದಲು ಕಣ್ಣಳತೆಗೆ ಸಿಗುತ್ತಿದ್ದ ಜಾಗ ಈಗ ಸಿಗದೆ, ಮಗ ಎರಡು ಕಡೆ ನಿಲ್ಲಿಸಿ ಹಿಂದೆ ಬರಬೇಕಾಯಿತು. ವೇಗ ತಾನಾಗಿ ಇಳಿಯಿತು. ಸೊಸೆಗೆ ಅದರಿಂದ ಬೇಸರವೇನೂ ಆಗಲಿಲ್ಲ. ಚಳಿಗಾಲ ಕಳೆದ ಮೇಲೆ ನಡೆಯುವ ಎ.ಟಿ.ವಿ. ಸುರಕ್ಷತಾ ತರಬೇತಿಗೆ ಅವಳು ಮಗನ ಹೆಸರು ಬರೆಸಿದಳು. ಜೊತೆಗೆ, ಕೇಳದೆಯೇ, ಗಂಡನದನ್ನೂ.