ನೈಸ್ ಅಂದ್ರೆ...

ಮೊನ್ನೆ ಒಂದು ಕಥೆ ಬರೆದು ಗೆಳೆಯನಿಗೆ ಓದೋಕೆ ಕೊಟ್ಟೆ. "ನೈಸ್" ಅಂದ. ಅಷ್ಟೇ! ಬೇಜಾರಾಗಿ ನಿಘಂಟು ತೆಗೆದೆ.

ಈ ಪದದ ಮೂಲ ಲ್ಯಾಟಿನ್ನಿನ 'ನೆಸ್ಕಿಯುಸ್', ಅಂದ್ರೆ ಏನೂ ಅರಿಯದವ. ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದಾಗ 'ಪೆದ್ದ' ಅಂತಲೇ ಅರ್ಥವಂತೆ! ಆಮೇಲೆ ನಾಜೂಕು, ಸೂಕ್ಷ್ಮ, ಕರಾರುವಾಕ್ಕು ಅಂತೆಲ್ಲ ಆಗಿ, 18ನೇ ಶತಮಾನದಲ್ಲಿ 'ಚೆನ್ನಾಗಿದೆ' ಆಯ್ತು. 1817ರಲ್ಲಿ ಬಂದ 'ನಾರ್ಥ್ಯಾಂಗರ್ ಅಬ್ಬೆ' ಕಾದಂಬರಿಯಲ್ಲಿ ಜೇನ್ ಆಸ್ಟಿನ್ ಆಗಲೇ, ಎಲ್ಲದಕ್ಕೂ ನೈಸ್ ಅನ್ನೋದನ್ನು ಗೇಲಿ ಮಾಡಿದ್ದಾರೆ.

ನಮ್ಮಲ್ಲಿ ಅದು ಅಡುಗೆಮನೆಗೂ ಬಂತು. ಅಮ್ಮ "ದೋಸೆಗೆ ನೈಸಾಗಿ ರುಬ್ಬು" ಅಂತಾಳೆ, ನುಣ್ಣಗೆ ಅಂತ. ಕೆಲಸ ತಪ್ಪಿಸಿಕೊಂಡವನು "ನೈಸಾಗಿ ಜಾರಿಕೊಂಡ".

ಗೆಳೆಯ ಮಾಡಿದ್ದೂ ಅದೇ ಇರಬೇಕು. ಕಥೆಯನ್ನು ಮತ್ತೆ ಓದಿದೆ. ನಿಜ, ಇನ್ನೂ ತರಿತರಿ. ನೈಸಾಗಿ ರುಬ್ಬಬೇಕು!